ಹೀರಾಳ ಜೊತೆಗೆ ಬಂದವಳು

ಹದಿನಾಲ್ಕು ವರ್ಷ ಮುಂಬೈಯಲ್ಲಿದ್ದ ಹೀರಾ, ೨೦೦೭ರ ಮಳೆಗಾಲ ಮುಗಿದ ಮೇಲೆ ತನ್ನೂರು ಬೇಲೆಕೇರಿಗೆ ಮರಳಿ ಬಂದಳು. ಹುಟ್ಟಿದಾಗ ಮನೆಯವರು ಗಂಡು ಹೆಸರಿಟ್ಟಿದ್ದರು. ಹೀರಾ ಎಂಬುದು ಮುಂಬೈಯಲ್ಲಿ ಅವಳಿಗೆ ಆಶ್ರಯವಿತ್ತ ಹಿರಿಯ ಹಿಜಡಾ ಕೊಟ್ಟ ಹೆಸರು. ಅಪ್ಪ ಅಮ್ಮ ತೀರಿದ್ದರು. ಅಂಕೋಲಾ ಪೇಟೆಯಲ್ಲಿ ಮೀನು ಮಾರುವ ತಂಗಿ ನೀತಾ ಒಬ್ಬಳೇ ಮನೆಯಲ್ಲಿದ್ದಳು.

ಬಂದ ಸಂಜೆಯೇ ಹೀರಾ ಹೇಳಿಬಿಟ್ಟಳು. ಮುಂಬೈಯಲ್ಲಿ ಒಂದು ಸಂಸ್ಥೆಯವರು ಅವಳ ಜೊತೆಗಿದ್ದವರನ್ನೂ ಸೇರಿಸಿ ಹನ್ನೊಂದು ಮಂದಿಯ ರಕ್ತ ಪರೀಕ್ಷೆ ಮಾಡಿಸಿದ್ದರು. ಐವರಿಗೆ ಎಚ್‌ಐವಿ ಇತ್ತು. ಅವರಲ್ಲಿ ಅವಳೂ ಒಬ್ಬಳು.

"ಬೇರೆ ಕೆಲ್ಸ ಯಾರೂ ಕೊಡ್ಲಿಲ್ಲ ನೀತಾ. ಗಿರಾಕಿ ನಿರೋಧ್ ಬೇಡ ಅಂದ್ರೆ ಬೇಡ. ಚೀಲದಲ್ಲಿ ಇಟ್ಕಂಡ್ರೆ ಪೊಲೀಸ್ರು ಅದ್ನೇ ತೋರ್ಸಿ ಹೊಡೀತಿದ್ರು."

ಅನ್ನ ಬಡಿಸುವಾಗ ನೀತಾ ಹೀರಾಳಿಗೆ ಬೇರೆ ತಾಟು ತೆಗೆದಳು. ಉಂಡಾದ ಮೇಲೆ ಅದನ್ನು ಹಿತ್ತಲಲ್ಲೇ ಬೋರಲು ಹಾಕಿದಳು. ಮರುದಿನವೂ ಹಾಗೆಯೇ.

ಮೂರನೆಯ ಬೆಳಿಗ್ಗೆ ಹೀರಾ ಚೀಲ ತುಂಬಿದಳು.

"ಎಲ್ಲಿಗೆ ಹೊಂಟೆ?"

"ಹುಬ್ಬಳ್ಳಿಗೆ. ಸರ್ಕಾರಿ ಆಸ್ಪತ್ರೇಲಿ ಗುಳಿಗೆ ಕೊಡ್ತಾರಂತೆ. ಅಲ್ಲಿಂದ ಮುಂಬೈ. ತಾಟಿಂದ ಇದು ಬರೂದಿಲ್ಲ, ತಂಗಿ."

"ಅದ್ನ ನಂಗೆ ಯಾರು ಹೇಳಿದ್ರು?" ನೀತಾ ಪೇಟೆಗೆ ಒಯ್ಯಲಿದ್ದ ಮೀನಿನ ಬುಟ್ಟಿಯನ್ನು ಕೆಳಗಿಟ್ಟಳು. "ಟೀವೀಲಿ ಬರೇ ಹೆದರಿಸ್ತಾರೆ. ತಡಿ, ನಾನೂ ಬತ್ತೆ."

ಬುಟ್ಟಿಯ ಬಂಗಡೆಯನ್ನು ಪಕ್ಕದ ಮನೆಯ ಹೊನ್ನುವಿಗೆ ಒಪ್ಪಿಸಿ ಅವಳು ಬಸ್ಸು ಹತ್ತಿದಳು. ಅರಬೈಲು ಘಟ್ಟ ದಾಟಿ ಇಬ್ಬರೂ ಹುಬ್ಬಳ್ಳಿ ಸೇರಿದರು.

ಆಸ್ಪತ್ರೆಯಲ್ಲಿ ಸಮಾಲೋಚಕಿಯನ್ನು ನೀತಾಳೇ ಕೇಳಿದಳು. "ಬಾಯೋರೆ, ಒಂದೇ ತಾಟಲ್ಲಿ ಉಂಡ್ರೆ? ಬಟ್ಟೆ ಒಟ್ಟಿಗೆ ತೊಳೆದ್ರೆ?"

ಆಕೆ ಒಂದೊಂದಕ್ಕೂ ತಾಳ್ಮೆಯಿಂದ, ಬರುವುದಿಲ್ಲ ಎಂದಳು. ಆಮೇಲೆ ಕಾರ್ಡು ತೆರೆದು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಳು.

ಚಿಕ್ಕಂದಿನಲ್ಲಿ ನೀತಾ ಕರೆಯುತ್ತಿದ್ದದ್ದು ಅಣ್ಣ ಎಂದು. ಈ ಮೂರು ದಿನ ಏನೆಂದೂ ಕರೆದಿರಲಿಲ್ಲ.

"ತಂಗಿ," ಎಂದಳು. "ಇವ್ಳು ನನ್ನ ಅಕ್ಕ."

ಹೀರಾ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಅವಳು ಮುಂಬೈಗೆ ಹೋಗಲಿಲ್ಲ. ಗುಳಿಗೆ ಶುರುವಾದ ಮೊದಲ ತಿಂಗಳು ತಲೆ ಸುತ್ತಿತು, ಊಟ ಸೇರಲಿಲ್ಲ. ಬೇಸಿಗೆಯ ಹೊತ್ತಿಗೆ ಮೈಕೈ ತುಂಬಿಕೊಂಡಿತು. ಮರುವರ್ಷ ಕಾರವಾರದ ಒಂದು ಸಂಸ್ಥೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು: ತನ್ನಂಥವರನ್ನು ಪರೀಕ್ಷೆಗೆ ಕರೆತರುವ ಕೆಲಸ. ಮೊದಲು ಸಿಕ್ಕವಳು ದೀಕ್ಷಾ. ಆಸ್ಪತ್ರೆಯ ಬಾಗಿಲ ತನಕ ಬಂದು ಹೆದರಿ ತಿರುಗಿದಳು. ಹೀರಾ ತಡೆಯಲಿಲ್ಲ, ಬೈಯಲಿಲ್ಲ; ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಚಹಾ ಕುಡಿಸಿ ಕಳಿಸಿದಳು. ನಾಲ್ಕನೆಯ ಸಲ ದೀಕ್ಷಾ ಒಳಗೆ ಹೋದಳು.