ಕೆಂಪು ಗರಗಸದ ಕಲೀಮುಲ್ಲಾ

ಶಿರಾದ ಕಲೀಮುಲ್ಲಾ ನಡೆಯುವಾಗ ಬಲಗಾಲನ್ನು ನೆಲಕ್ಕೆ ಇಡುವುದಿಲ್ಲ, ಒತ್ತುತ್ತಾರೆ. ಇಡೀ ಭೂಮಂಡಲವೇ ತಮ್ಮ ಸ್ಕ್ರೋಲ್ ಗರಗಸದ ಪೆಡಲ್ಲು, ತಾವು ಕಾಲೆತ್ತಿದರೆ ಅದು ನಿಂತೇ ಹೋದೀತು ಎಂಬ ಗಾಂಭೀರ್ಯದಲ್ಲಿ. ಎಳೆಯಷ್ಟು ಸಪೂರ ಅಲಗು ಮೇಲೆ ಕೆಳಗೆ ಕುಣಿದು ಹಲಗೆಯಲ್ಲಿ ಹೂಬಳ್ಳಿ ಕೊರೆಯುವ ಆ ಯಂತ್ರದ ಬಣ್ಣ ಕೆಂಪು, ಹೆಸರು ಹೆಲ್ಡನ್‌ಬೋರ್ಗ್. ಹೆಸರಿನ ಫಲಕಕ್ಕೆ ಪ್ರತಿ ಶುಕ್ರವಾರ ಅತ್ತರಿನ ಲೇಪನ. ಕಂಪನಿ ಪುಕ್ಕಟೆ ಕೊಟ್ಟ, ಎದೆಯ ಮೇಲೆ ಅದೇ ಹೆಸರಿರುವ ಕೋಟನ್ನು ಅವರು ಏಪ್ರಿಲ್ ಬಿಸಿಲಲ್ಲೂ ಬಿಚ್ಚಿದವರಲ್ಲ. "ಜರ್ಮನ್ ಮಾಲು ಸಾರ್ ನಮ್ದು" ಎನ್ನುತ್ತಾರೆ, ಮನೆತನ ಹೇಳಿಕೊಳ್ಳುವವರಂತೆ.

ಮಧುಗಿರಿಯ ನರಸಿಂಹರಾಜು ಅವರದು ನೀಲಿ ಯಂತ್ರ. ಜಪಾನಿನ ಹೆಸರು, ಕುರೊಮೋರಿ. ಒಂದು ಕಾಲಕ್ಕೆ ಇಬ್ಬರೂ ಜೊತೆಗೂಡಿ ಬಾಗಿಲು, ತೊಟ್ಟಿಲು ಮಾಡಿದವರು. ಯಾರ ಯಂತ್ರ ಮೇಲೆಂಬ ವಾದ ಕೊರಟಗೆರೆಯ ಹೋಟೆಲಿನಲ್ಲಿ ಇಡ್ಲಿಯೊಂದಿಗೆ ಶುರುವಾಗಿ, ಇಡ್ಲಿ ಮುಗಿದರೂ ಮುಗಿಯದೆ, ಕಡೆಗೆ ಮಾತೇ ನಿಂತಿತು. ನರಸಿಂಹರಾಜು ಮಗಳು ಅನುಷಾಳ ಮದುವೆಗೂ ಕಲೀಮುಲ್ಲಾ ಹೋಗಲಿಲ್ಲ. ಮಂಟಪಕ್ಕೆ ನೀಲಿ ಬಣ್ಣ ಹೊಡೆಸಿದ್ದರಂತೆ.

ಈ ವರ್ಷ, ಕಲೀಮುಲ್ಲಾ ತಮ್ಮ ಮಗಳು ತರನ್ನುಮ್ ಹೆತ್ತ ಕೂಸಿಗೆ ತೊಟ್ಟಿಲು ಕೊರೆಯುತ್ತಿರುವಾಗ ಕೆಂಪು ಯಂತ್ರದ ಅಲಗು ಹಿಡಿಯುವ ತೋಳು ಮುರಿಯಿತು. ಬಿಡಿಭಾಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ ಎಂದಿತು ಕಂಪನಿ. ಕೂಸು ಮನೆಗೆ ಬರುವ ದಿನ ಹತ್ತಿರವಾಗಿತ್ತು. ಮುರಿದ ತೋಳನ್ನು ಕೋಟಿನೊಳಗೆ ತೂರಿಸಿ, ಅರ್ಧ ಕೊರೆದ ಹಲಗೆಯನ್ನು ಇಬ್ಬರ ಪರಿಚಯವೂ ಇದ್ದ ತಪ್ಪಿಗೆ ರಾಯಭಾರಿಯಾದ ನನ್ನ ಹೆಗಲಿಗೆ ಏರಿಸಿ, ಅವರು ಮಧುಗಿರಿ ಬಸ್ಸು ಹತ್ತಿದರು.

"ಬಾರಪ್ಪ ಜರ್ಮನಿ ದೊರೆ," ಎಂದರು ನರಸಿಂಹರಾಜು. "ಏನು, ದಾರಿ ತಪ್ಪಿ ಬಂದ್ಬುಟ್ಟೆ?"

"ಮೊಮ್ಮಗೀನ ತೊಟ್ಲು ಅರ್ಧಕ್ಕೆ ನಿಂತೈತೆ ಕಣಯ್ಯ. ನಿನ್ ಮಿಷೀನ್ ಒಂದಿನ ಬೇಕು."

ಕಲೀಮುಲ್ಲಾ ಕೋಟಿನಿಂದ ಹೊರತೆಗೆದ ಮುರಿದ ತೋಳನ್ನು ನರಸಿಂಹರಾಜು ಅಣಕಿಸಲೆಂದೇ ತಮ್ಮ ಯಂತ್ರದ ತೋಳಿನ ಪಕ್ಕ ಹಿಡಿದರು. ಅದೇ ಬಾಗು, ಅದೇ ತೂತುಗಳು. ಎರಡರ ಹೊಟ್ಟೆಯಡಿಯಲ್ಲೂ ಎರಕದಲ್ಲಿ ಮೂಡಿದ್ದ ಚೀನೀ ಅಕ್ಷರಗಳೂ ಅವೇ. ಜರ್ಮನಿಯೂ ಇಲ್ಲ, ಜಪಾನೂ ಇಲ್ಲ. ಒಂದೇ ಕಾರ್ಖಾನೆ, ಒಂದೇ ಅಚ್ಚು, ಎರಡು ಡಬ್ಬಿ ಪೇಂಟು.

ಕಲೀಮುಲ್ಲಾ ಕೋಟು ಬಿಚ್ಚಿ ಎಸೆದರು. "ಮಾಲು ಹಾಳಾಗ್ಲಿ ಬುಡು. ಅನುಷಾ ಮದ್ವೇಗೆ ನಾನು ಬರ್ಲಿಲ್ವಲ್ಲೋ. ಅದನ್ನ ಯಾವ ಕಂಪ್ನಿಯವನು ವಾಪಸ್ ತಂದ್ಕೊಡ್ತಾನೆ?"

ನರಸಿಂಹರಾಜು ಹಲಗೆಯನ್ನು ನೀಲಿ ಯಂತ್ರದ ಮೇಲಿಟ್ಟರು. "ಊಟ ಭಾಳ ಚೆನ್ನಾಗಿತ್ತು ಕಣ್ಲಾ. ಕಾಲಿಡು ಪೆಡಲ್ ಮ್ಯಾಗೆ."

ಸಂಜೆಗೆ ಬಳ್ಳಿ ಪೂರ್ತಿಯಾಯಿತು. ಬಸ್ಸಿನಲ್ಲಿ ಕಲೀಮುಲ್ಲಾ ಗೊಣಗಿದರು: "ಬಣ್ಣ ಮಾತ್ರ ನಮ್ದೇ ವಾಸಿ ಸಾರ್."

ಇಂಥವರನ್ನು ಪೆದ್ದರೆಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಂಡ ಹೆಸರನ್ನು ಮಗುವಿನಂತೆ ಸಾಕಿ, ಅದರ ಮಾನಕ್ಕಾಗಿ ಗೆಳೆಯನನ್ನೂ ಬಿಟ್ಟುಕೊಡುವ ಜನ ನಮ್ಮ ಪೇಟೆಗಳ ತುಂಬ ಇದ್ದಾರೆ. ಇಡೀ ವ್ಯಾಪಾರದಲ್ಲಿ ಅಸಲಿ ಮಾಲೆಂದರೆ ಅವರ ನಿಷ್ಠೆಯೊಂದೇ. ಅದನ್ನು ಯಾವ ಕಾರ್ಖಾನೆಯಲ್ಲೂ ಎರಕ ಹೊಯ್ಯಲಾಗದೆಂದು ತಿಳಿದೇ ಆ ಕಂಪನಿಗಳು ಅದನ್ನು ಕದಿಯುತ್ತವೆ.