ಸ್ಟೋರ್ ರೂಮಿನ ಹಳೆಯ ಸ್ವಿಚ್

ಹಾಲಿನ ಮೇಲೆ ಕೆನೆ ಕಟ್ಟುತ್ತಿದೆ, ಸುಕ್ಕು ಸುಕ್ಕಾಗಿ, ಒಲೆ ಆರಿಸಬೇಕು, ಆರಿಸಿದೆ, ಮತ್ತೆ ಅಡುಗೆಮನೆ ಮೇಜಿನ ಲ್ಯಾಪ್‌ಟಾಪಿನ ಮುಂದೆ — ಗ್ರಂಥಾಲಯದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಹನ್ನೊಂದು ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಯಜಮಾನಿಕೆ ಯಾರದು ಎಂದು ಕೇಳಿದರೆ ಪರದೆ ಹೇಳುತ್ತಿದೆ, ಸ್ಟೋರ್ ರೂಮಿನದು, ಅಯ್ಯೋ, ನೀನಾ, ಹದಿನೇಳು ವರ್ಷದ ಹಿಂದೆ ನಾನೇ ಸ್ಕ್ರೂ ಬಿಗಿದು ಕೂರಿಸಿದ ಬೂದು ಡಬ್ಬಿ, ಇನ್ನೂ ನೀನೇ ಎಲ್ಲರನ್ನೂ ನಡೆಸುತ್ತಿದ್ದೀಯಾ, ಯಾರೂ ನಿನ್ನನ್ನು ಆರಿಸಲಿಲ್ಲ, ಆದ್ಯತೆಯ ಅಂಕಿ ಬರೆಯಲು ಎಲ್ಲರೂ ಮರೆತರು, ನಾನೂ ಮರೆತೆ, ಬರೆಯದಿದ್ದರೆ ವಿಳಾಸದ ಸಂಖ್ಯೆ ಎಲ್ಲಕ್ಕಿಂತ ಚಿಕ್ಕದಾಗಿರುವುದು, ಹೆಚ್ಚಾಗಿ ಎಲ್ಲಕ್ಕಿಂತ ಹಳೆಯದು, ತಾನೇ ಬುಡವಾಗಿ ಕೂತುಬಿಡುತ್ತದೆ, ಹೊಸ ಮಹಡಿಗಳ ಮಾತೆಲ್ಲ ಅದರ ಸಣ್ಣ ಗಂಟಲಿನಲ್ಲೇ ಹಾಯಬೇಕು, ಗ್ರಂಥಪಾಲಕಿ ಬೆಳಿಗ್ಗೆ ಫೋನಿನಲ್ಲಿ, ಮೇಡಂ, ಈ ಕಂಪ್ಯೂಟರ್ ಒಂದು ಪುಸ್ತಕ ಹುಡುಕೋಷ್ಟರಲ್ಲಿ ನಾನು ಅದನ್ನ ಓದೇ ಮುಗಿಸ್ತೀನಿ. ಮೂರು ಗಂಟೆಯೊಳಗೆ ಸರಿಮಾಡಬೇಕು, ಶಾಲೆ ಬಿಡುವ ಆ ಮೂರು ಗಂಟೆಯೊಳಗೆ ಅತ್ತೆಗೂ ಹೇಳಬೇಕು — ಹೇಗೆ ಹೇಳಲಿ, ಇನ್ನುಮೇಲೆ ಮಗುವನ್ನು ಶಾಲೆಯಿಂದ ನೀವು ಕರೆತರುವುದು ಬೇಡ ಎಂದು, ನಿನ್ನೆ ಅವರು ಹೋಗಿ ನಿಂತದ್ದು ಮಗಳು ಎರಡು ವರ್ಷದ ಹಿಂದೆ ಬಿಟ್ಟ ಶಾಲೆಯ ಗೇಟಿನಲ್ಲಿ, ಇತ್ತ ಹೊಸ ಶಾಲೆಯಲ್ಲಿ ನನ್ನ ಚಿಟ್ಟೆ ಒಂದು ಗಂಟೆ ಕಾವಲುಗಾರನ ಸ್ಟೂಲಿನ ಮೇಲೆ ಕಾದಿದ್ದಳು, ಅತ್ತಿರಲಿಲ್ಲ, ಅಮ್ಮ, ಅಜ್ಜಿಗೆ ಬೈಬೇಡ ಎಂದಳಷ್ಟೆ, ಗಂಡನನ್ನು ಕೇಳಿದರೆ ನೀನೇ ಹೇಳೇ, ನನ್ ಬಾಯಲ್ಲಿ ಬರಲ್ಲ, ಭಲೇ ಮಗ.

ಈ ಡಬ್ಬಿ ಕೂರಿಸಿದ ದಿನ ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು, ಅವಸರದಲ್ಲಿ ಒಂದೇ ತಂತಿಯ ಎರಡೂ ತುದಿಗಳನ್ನು ಅದಕ್ಕೇ ಸಿಕ್ಕಿಸಿಬಿಟ್ಟೆ, ಸುತ್ತುದಾರಿಗಳನ್ನು ಮುಚ್ಚುವ ಸ್ಪ್ಯಾನಿಂಗ್ ಟ್ರೀ ಎಂಬ ಮರವನ್ನು ಇನ್ನೂ ಚಾಲೂ ಮಾಡಿರಲಿಲ್ಲ, ಇಡೀ ಕಟ್ಟಡ ಗರಬಡಿದಂತೆ ನಿಂತುಹೋಯಿತು, ನಾವೆಲ್ಲ ಗಂಟು ಮೇಷ್ಟ್ರು ಎನ್ನುತ್ತಿದ್ದ ಹಿರಿಯರು ಬೈಯಲಿಲ್ಲ, ಎರಡು ದಾರಿ ತೆರೆದಿಟ್ರೆ ಮಾತು ಮನೆ ಸೇರ್ದೆ ಸುತ್ತುತ್ತಾನೇ ಇರತ್ತೆ ತಾಯಿ, ಒಂದನ್ನ ಮುಚ್ಚೋ ಕೆಲಸ ಈ ಮರದ್ದು, ಮುಚ್ಚತ್ತೆ ಅಷ್ಟೆ, ಕೀಳಲ್ಲ, ಇನ್ನೊಂದು ಕೆಟ್ಟಾಗ ಬೇಕಾಗತ್ತೆ ಎಂದರು, ನಾನು ಕಣ್ಣೊರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಅತ್ತೆ, ಅದೆಂಥ ಮರನಮ್ಮ, ನೆರಳಾದ್ರೂ ಕೊಡತ್ತಾ, ಮೇಷ್ಟ್ರು ನಕ್ಕರು, ನಾನೂ ನಕ್ಕೆ, ಮದುವೆಯಾದಮೇಲೆ ಅವರೆದುರು ಬಾಯಿತುಂಬ ನಕ್ಕದ್ದು ಅದೇ ಮೊದಲು — ಸಾಕು, ಟೈಪ್ ಮಾಡು, ಹೊಸ ಮಹಡಿಯ ಸ್ವಿಚ್ಚಿಗೆ ಆದ್ಯತೆಯ ಅಂಕಿ ನಾಲ್ಕು ಸಾವಿರದ ತೊಂಬತ್ತಾರು, ಇಲ್ಲಿ ಅಂಕಿ ಇಳಿದಷ್ಟೂ ಅಧಿಕಾರ ಏರುತ್ತದೆ, ಎಂಟರ್, ಕರ್ಸರ್ ಕಲ್ಲಾಯಿತು, ಇನ್ನು ಅರ್ಧ ನಿಮಿಷ ಎಲ್ಲವೂ ಮಾತು ನಿಲ್ಲಿಸಿ ಹೊಸದಾಗಿ ದಾರಿ ಗೊತ್ತುಮಾಡಿಕೊಳ್ಳಬೇಕು. ಯಾಕೇ, ಬಾಯಿ ಬಿಟ್ಕೊಂಡು ಕೂತಿದ್ದೀಯ. ಬಾಗಿಲಲ್ಲಿ ಅತ್ತೆ, ಶಾಲೆಗೆ ಹೊರಡಲು ಆಗಲೇ ಸೀರೆ ಬದಲಿಸಿದ್ದಾರೆ. ಅತ್ತೆ, ಇವತ್ತಿಂದ ಶಾಲೆಗೆ ನಾನು ಹೋಗ್ತೀನಿ. ಅವರು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದರು, ಸರಿಯಾಗಿಯೇ ಇತ್ತು, ಮತ್ತೆ ಸರಿಮಾಡಿದರು. ನಿನ್ನೆ ಹಳೇ ಶಾಲೆಗೆ ಹೋಗಿದ್ದೆ ಅಲ್ವಾ ನಾನು. ಹೂಂ. ನಿನ್ನೆಯಿಂದ ಒದ್ದಾಡ್ತಿದ್ದೀನಿ ಕಣೇ, ನಿಂಗೆ ಹೆಂಗೆ ಹೇಳ್ಲಿ ಅಂತ, ನೀನು ಇಷ್ಟು ಹೇಳೋಕೆ ಇಷ್ಟು ಹೊತ್ತು ಮಾಡೋದಾ. ನೀವೂ ಬನ್ನಿ ಅತ್ತೆ, ಅವಳು ಗೇಟಲ್ಲಿ ಹುಡುಕೋದು ನಿಮ್ಮನ್ನೇ. ಕರ್ಸರ್ ಮಿಡಿಯಿತು, ಹೊಸದು ಯಜಮಾನಿ, ಹಳೆಯದು ಪಟ್ಟಿಯಲ್ಲೇ ಇದೆ, ಕೆಲಸ ಮಾಡುತ್ತಿದೆ, ಲ್ಯಾಪ್‌ಟಾಪ್ ಮುಚ್ಚಿಟ್ಟು ಎದ್ದೆ, ಹೊಸಿಲ ಹತ್ತಿರ ಅತ್ತೆ ನಿಂತಿದ್ದಾರೆ, ಇಷ್ಟು ವರ್ಷ ಆಸ್ಪತ್ರೆಯ ಓಣಿಯಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ತುಂಬಿದ ಬಸುರಿ ನಾನು ಏದುಸಿರು ಬಿಡುತ್ತಿದ್ದಾಗಲೂ, ಬೇಗ ಬಾರೇ ಎನ್ನುತ್ತ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದವರು, ಹೊರಗಿಡಲು ಎತ್ತಿದ ಪಾದವನ್ನು ತಡೆದು, ನೀನು ಮುಂದೆ ನಡಿ, ಬಿರುಕು ಬಿಟ್ಟ ಹಿಮ್ಮಡಿ, ಆ ಪಾದ, ಹೊಸಿಲ ಮೇಲೆ ಗಾಳಿಯಲ್ಲಿ, ನಡಿಯೇ, ಹಿಂದಕ್ಕೆ ಸರಿದು ಮೆಲ್ಲಗೆ ನೆಲಕ್ಕಿಳಿದ ಆ ಪಾದ, ಆ ಪಾದ —