ಹುರಿಯದ ಬೀಜ

ಸೊಸೆ ಕಷಾಯವನ್ನು ಬಟ್ಟಲಿಗೆ ಹಿಂಡಿ ಪಕ್ಕಕ್ಕಿಟ್ಟ ಬಟ್ಟೆಯನ್ನು ಮಾಲ್ಸುನ್ ಎಡಗೈಯಿಂದ ಬಿಡಿಸಿ ನೋಡಿದಳು. ಮೈ ಉರಿದುಹೋಯಿತು. ಕಾಡು ಬೋರೆಯ ಬೀಜಗಳು ಹಸಿಹಸಿಯಾಗಿಯೇ ಇದ್ದವು, ಒಂದಕ್ಕೂ ಬಾಣಲೆಯ ಬಿಸಿ ತಾಗಿರಲಿಲ್ಲ. ದೇಗು ಪಟ್ಟಣದ ಮದ್ದಿನ ಬೀದಿಯಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದವಳ ಕಣ್ಣಿಗೆ ಮಣ್ಣೆರಚುವುದೇ? ಹುರಿದ ಬೀಜ ನಿದ್ದೆ ತರುತ್ತದೆ, ಹಸಿಯದು ಬಂದ ನಿದ್ದೆಯನ್ನೂ ಓಡಿಸುತ್ತದೆ. ಆ ಬೀದಿಯಲ್ಲಿ ಕಸ ಗುಡಿಸುವವನಿಗೂ ಇದು ಗೊತ್ತು.

ಅವಳು ನೆಟ್ಟಗೆ ನಿದ್ದೆ ಮಾಡಿ ನಲವತ್ತು ದಿನವಾಗಿತ್ತು. ವೈದ್ಯರು ನಾಡಿ ಹಿಡಿದು, ನಾಲಿಗೆಯ ಕೆಂಪು ತುದಿ ನೋಡಿ, "ಎದೆಯಲ್ಲಿ ಬೆಂಕಿ ಕೂತಿದೆ. ಸಿಟ್ಟು ನುಂಗಿ ನುಂಗಿ ಬಂದ ಕಾಯಿಲೆ" ಎಂದು ಹುರಿದ ಬೀಜದ ಕಷಾಯ ಹೇಳಿದ್ದರು. ಮಾಲ್ಸುನ್ ಜನ್ಮದಲ್ಲಿ ಸಿಟ್ಟು ನುಂಗಿದವಳಲ್ಲ. ಆದರೆ ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಸೊಸೆ ಬಡಿಸಿದಾಗ ಉಣ್ಣಬೇಕು, ಅವಳು ಮೀಯಿಸಿದಾಗ ಮೀಯಬೇಕು. ಬೈದರೆ ನಾಳಿನ ಗತಿಯೇನು? ಇವತ್ತು ಮಾತ್ರ ತಡೆಯಲಾಗಲಿಲ್ಲ.

"ಏನೇ ಇದು, ಹ್ಯೇರಾನ್? ಹಸಿ ಬೀಜ ಕುದಿಸಿ ಕುಡಿಸ್ತಿದೀಯಲ್ಲ, ನನ್ನ ಕೊಲ್ಲಬೇಕು ಅಂತಿದೀಯಾ?"

ಹ್ಯೇರಾನ್ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಸಾಯಲ್ಲ ಬಿಡಿ ಅತ್ತೆ. ನಿದ್ದೆಗೆಟ್ಟು ಯಾರೂ ಸತ್ತಿಲ್ಲ ಅಂತ ನೀವೇ ಹೇಳ್ತಿದ್ರಿ."

"ಬೇಕಂತಲೇ ಮಾಡಿದ್ಯಾ?"

"ಹೂಂ. ಹಸೀದು ಯಾವುದಕ್ಕೆ, ಹುರಿದಿದ್ದು ಯಾವುದಕ್ಕೆ ಅಂತ ಕಲಿಸಿದ್ದೂ ನೀವೇ. ಹೆತ್ತು ಮೂರು ದಿನ ಆಗಿತ್ತು ನಂಗೆ. ಬಾಣಂತಿಗೆ ಕೊಡೋ ಕಡಲಪಾಚಿ ಸಾರು ಸರಿಯಾಗಿ ಗಂಟಲಲ್ಲಿ ಇಳಿದಿರಲಿಲ್ಲ. ಬೆಳಗಿನ ಜಾವ ಕಂಬಳಿ ಎಳೆದು ಅಂಗಡಿಗೆ ಬೇರು ಹೆಚ್ಚೋಕೆ ಅಟ್ಟಿದ್ರಿ. ಆಮೇಲೆ ಹನ್ನೆರಡು ವರ್ಷ ಅದೇ ಪಾಡು."

"ಹಳೇದನ್ನ ಕೆದಕಬೇಡ! ನನ್ನತ್ತೆ ನಂಗೇನು ಜೋಗುಳ ಹಾಡಿದ್ಲಾ?"

ಸೊಸೆ ಕೈ ಒರೆಸಿಕೊಂಡು ಬಾಣಲೆಯನ್ನು ಒಲೆಯ ಮೇಲಿಟ್ಟಳು. ಬೀಜದ ಪೊಟ್ಟಣ ಅವಳ ಮುಷ್ಟಿಯಲ್ಲಿತ್ತು. "ತಪ್ಪಾಯ್ತು ಅನ್ನಿ. ಒಂದೇ ಒಂದು ಸಲ. ಈಗಲೇ ಹುರಿದು ಹೊಸದಾಗಿ ಕುದಿಸ್ತೀನಿ. ಇವತ್ತಾದ್ರೂ ನಿದ್ದೆ ಮಾಡೀರಂತೆ."

ಬಾಣಲೆ ಕಾದು ಹೊಗೆಯಾಡಿತು. ಮಾಲ್ಸುನ್‌ಗೆ ನಿದ್ದೆ ಎಷ್ಟು ಬೇಕಾಗಿತ್ತೆಂದರೆ ಕಣ್ಣಲ್ಲಿ ನೀರೇ ಬಂತು. ಬಾಯಿ ತೆರೆದಳು. ಮಾತು ನಾಲಿಗೆಯವರೆಗೂ ಬಂತು. ಆದರೆ ಸೊಸೆಯ ಮುಂದೆ ತಪ್ಪಾಯ್ತು ಎನ್ನುವುದೇ?

ಅವಳು ಎಡಗೈಯಿಂದ ಬಟ್ಟಲೆತ್ತಿ, ಹಸಿ ಬೀಜದ ಕಷಾಯವನ್ನು ಗಟಗಟನೆ ಕುಡಿದು ಮುಗಿಸಿದಳು.

"ನಾಳೆಗೂ ಇದನ್ನೇ ಮಾಡು" ಎಂದಳು.

ಹ್ಯೇರಾನ್ ಒಲೆ ಆರಿಸಿದಳು.